ಹಲ್ಲಿನ ಡಾಕ್ಟರ ಕುರ್ಚಿ

ಅಪ್ಪಾ,

ನಿನ್ನ ಕ್ಷೌರದಂಗಡಿಯ ಕುರ್ಚಿ ಈಗ ಮ್ಯೂಸಿಯಂನಲ್ಲಿದೆ, ಹಲ್ಲಿನ ಡಾಕ್ಟರ ಕುರ್ಚಿ ಎಂಬ ಹೆಸರಿನಲ್ಲಿ. ಹಾಗೆಂದು ಇವತ್ತು ವಿವರಿಸಿದ್ದು ಅಲ್ಲಿನ ಗೈಡ್ ಹುಡುಗಿ. ಭಾನುವಾರವೆಂದು ಆಫೀಸಿನವರೆಲ್ಲ ಸೇರಿ ನೋಡಲು ಹೋಗಿದ್ದೆವು.

ನೀನು ತೀರಿಕೊಂಡ ಮೇಲೆ ಅಂಗಡಿಯ ಸಾಮಾನು ಕೊಂಡವರು ಅಲ್ಲಿಗೆ ಕೊಟ್ಟಿರಬೇಕು. ಕುರ್ಚಿಯ ಬಲಗೈಗೆ ನೀನು ಸುತ್ತಿದ್ದ ಸೈಕಲ್ ಟ್ಯೂಬು ಹಾಗೇ ಇದೆ. ಚಿಕ್ಕ ಮಕ್ಕಳನ್ನು ಕೂರಿಸಲು ಅಡ್ಡ ಹಾಕುತ್ತಿದ್ದ ಹಲಗೆಯೂ ಇದೆ.

"ಇದರ ಮೇಲೆ ಡಾಕ್ಟ್ರು ಇಕ್ಕಳ ಎಲ್ಲ ಜೋಡಿಸಿಟ್ಕೊಳ್ತಿದ್ರು," ಎಂದಳು ಹುಡುಗಿ.

ನಮ್ಮ ಕ್ಯಾಷಿಯರ್ ನನ್ನ ತೋಳು ಹಿಡಿದೆಳೆದ. "ಕೂತ್ಕೊಳ್ಳಿ ಸಾರ್, ಒಂದು ಹಲ್ಲು ಕಿತ್ತೇಬಿಡೋಣ!"

ಎಲ್ಲರೂ ನಕ್ಕರು. ನಾನೂ ನಕ್ಕೆ.

"ಯಾರಿಗಾದ್ರೂ ಇದರ ಬಗ್ಗೆ ಗೊತ್ತಿದ್ರೆ ಹೇಳಿ. ನಮಗೂ ಅಷ್ಟೊಂದು ಖಾತ್ರಿ ಇಲ್ಲ," ಎಂದು ಹುಡುಗಿ ನಮ್ಮ ಮುಖ ನೋಡಿದಳು.

ನಿನಗೆ ಸ್ವಂತ ವ್ಯಾಪಾರವಿತ್ತು ಎಂದಷ್ಟೇ ಆಫೀಸಿನಲ್ಲಿ ಹೇಳಿಕೊಂಡಿದ್ದೇನೆ. ಹೇಳಲೆಂದು ಬಾಯಿ ತೆರೆದವನು, "ಪಕ್ಕದ ಕೋಣೆಯಲ್ಲಿ ಏನಿದೆ?" ಎಂದು ಕೇಳಿದೆ.

ಆ ಹಲಗೆಯ ಮೇಲೆ ಕೂತು ನಾನು ಮಗ್ಗಿ ಒಪ್ಪಿಸುತ್ತಿದ್ದೆ. ತಪ್ಪಿದರೆ ನೀನು ಬೈಯುತ್ತಿರಲಿಲ್ಲ, ಕತ್ತರಿ ನಿಲ್ಲಿಸುತ್ತಿದ್ದೆ. ನಾನು ತಿದ್ದಿ ಹೇಳುವ ತನಕ ನನ್ನ ಅರ್ಧ ಕತ್ತರಿಸಿದ ಕೂದಲು ಹಾಗೇ ಇರುತ್ತಿತ್ತು. ಇವತ್ತೂ ಆ ಕುರ್ಚಿಯ ಮುಂದೆ ನಿನ್ನ ಕತ್ತರಿ ನಿಂತ ಹಾಗಿತ್ತು.

ನಾಳೆ ಮ್ಯೂಸಿಯಂಗೆ ರಜೆ. ಮಂಗಳವಾರ ಹತ್ತು ಗಂಟೆಗೆ ಬಾಗಿಲು ತೆಗೆಯುತ್ತಾರೆ. ಕ್ಯಾಷಿಯರನ್ನೂ ಬರಲು ಹೇಳಿದ್ದೇನೆ. ಯಾಕೆಂದು ಇನ್ನೂ ಹೇಳಿಲ್ಲ.