ಗುಳ್ಳೆನರಿಗೆ ನೋವಾದರೆ

೧೪ನೇ ತಾರೀಖು, ಮಂಗಳವಾರ
ಮಧ್ಯಾಹ್ನ, ಊಟವಾದ ಮೇಲೆ

ಪ್ರೀತಿಯ ಕಂಬಣ್ಣನಿಗೆ,

ನಿನ್ನ ಗುಳ್ಳೆನರಿ ಮಾಡುವ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಮೊದಲ ಸಾಲಿನಲ್ಲೇ ವಾಡಿಕೆ ಮುರಿಯುವುದು ಬೇಡ, ಕ್ಷೇಮ ಎಂದೇ ಇಟ್ಟುಕೋ. ನಿನ್ನ ಕಾಗದ ಬಂದು ಎಷ್ಟೋ ಕಾಲವಾಯಿತು. ಉತ್ತರ ಬರಲಿಲ್ಲವೆಂದು ಮನಸ್ಸಿನಲ್ಲೇ ಬೈದುಕೊಂಡಿರುತ್ತೀಯ. ಬೈಗುಳ ನನಗೆ ಹೊಸದಲ್ಲ, ಬೈಸಿಕೊಂಡೇ ಮನೆ ಕಟ್ಟಿದವನು ನಾನು. ಆದರೂ ಟಿಕೆಟ್ ಕೊಂಡು ಬೈಯುವವರೇ ಬೇರೆ, ಸ್ನೇಹಿತ ಬೈಯುವುದೇ ಬೇರೆ. ತಡವಾದದ್ದಕ್ಕೆ ಕ್ಷಮಿಸು.

ನಿನ್ನ ಹಾಸಿಗೆ ಅಂಗಡಿ ಚೆನ್ನಾಗಿ ನಡೆಯುತ್ತಿದೆ ಎಂದು ಓದಿ ಒಬ್ಬನೇ ಕೂತು ನಕ್ಕೆ. ಕಂಪನಿಯ ಕುಸ್ತಿ ಆಟದಲ್ಲಿ ಇಪ್ಪತ್ತು ವರ್ಷ ನನ್ನನ್ನು ರಿಂಗಿನ ಹಲಗೆಯ ಮೇಲೆ ಎತ್ತಿ ಎತ್ತಿ ಒಗೆದ ಮನುಷ್ಯ ಈಗ ಊರವರಿಗೆಲ್ಲ ಮೆತ್ತನೆ ಹಾಸಿಗೆ ಮಾರುತ್ತಿದ್ದಾನೆ! ಗಲ್ಲಾದಲ್ಲಿ ಅತ್ತಿಗೆಯೇ ಕೂರುತ್ತಾರೆ ಎಂದು ಬರೆದಿದ್ದೀಯ. ಅದೇ ಸರಿ. ನಿನ್ನನ್ನು ಕೂರಿಸಿದರೆ ಗಿರಾಕಿ ಕೇಳಿದ ಬೆಲೆಗೆ ಕೊಟ್ಟು, ಮೇಲೊಂದು ದಿಂಬನ್ನೂ ಹೊರಿಸಿ ಕಳಿಸುತ್ತೀಯ. ರಿಂಗಿನಲ್ಲಿ ಒಳ್ಳೆಯವನ ಪಾತ್ರ ಮಾಡೀ ಮಾಡೀ ನಿಜಕ್ಕೂ ಒಳ್ಳೆಯವನಾಗಿಬಿಟ್ಟೆ. ಆ ಕಸುಬಿನಲ್ಲಿ ಇರುವ ಅಪಾಯವೇ ಅದು.

ಮೊಮ್ಮಗಳು ಕೇಳಿದಳಂತಲ್ಲ, "ತಾತ, ನಿಮ್ಮ ಜೊತೆ ಕುಸ್ತಿ ಆಡಿದ ಕೆಟ್ಟವರಲ್ಲಿ ಯಾರು ತುಂಬಾ ಒಳ್ಳೆಯವರು?" ಎಂದು. ಎಂಥ ಪ್ರಶ್ನೆ! ಬಾಯಿ ತುಂಬ ಸಕ್ಕರೆ ಹಾಕಬೇಕು ಆ ಹುಡುಗಿಗೆ. ನಿನಗೆ ಉತ್ತರ ಹೊಳೆಯಲಿಲ್ಲ ಎಂದೆ. ಹೇಗೆ ಹೊಳೆದೀತು, ನೀನು ನಮ್ಮನ್ನು ನೋಡುತ್ತಿದ್ದದ್ದು ತಲೆಕೆಳಗಾಗಿ ಎತ್ತಿ ಹಿಡಿದಾಗ ಮಾತ್ರ. ನನ್ನ ಲೆಕ್ಕ ನಾನು ಹೇಳುತ್ತೇನೆ, ಅವಳಿಗೆ ಓದಿ ಹೇಳು.

ಮೊದಲನೆಯವನು ನಮ್ಮ ಮೇಷ್ಟ್ರು. ಕಡ್ಡಿಯಂಥ ಆಸಾಮಿ, ಗೋಣಿಚೀಲ ಎತ್ತಿದರೂ ಏದುಸಿರು. ಬೆತ್ತ ಹಿಡಿದು ರಿಂಗಿಗೆ ಬಂದು ಜನರತ್ತ ತಿರುಗಿ, "ಬೆನ್ನು ನೆಟ್ಟಗೆ ಮಾಡಿ ಕೂತ್ಕೊಳ್ರೋ!" ಎನ್ನುತ್ತಿದ್ದ. ಸಭಾಂಗಣಕ್ಕೆ ಸಭಾಂಗಣವೇ ನೆಟ್ಟಗೆ ಕೂರುತ್ತಿತ್ತು. ಆಮೇಲೆ, ಅಯ್ಯೋ, ಇವನ ಮಾತು ಕೇಳಿಬಿಟ್ಟೆವಲ್ಲ ಎಂದು ಜನಕ್ಕೆ ಅರಿವಾಗುತ್ತಿತ್ತು ನೋಡು, ಆ ಸಿಟ್ಟಿನ ಮೇಲೆ ಮೇಷ್ಟ್ರು ಹತ್ತು ವರ್ಷ ಉಂಡ.

ಎರಡನೆಯವಳು ಚಿಕ್ಕಮ್ಮ. ಹೆಂಗಸರ ಪಂದ್ಯಕ್ಕೆ ಅವಳಂಥ ಖಳನಾಯಕಿ ಮತ್ತೆ ಹುಟ್ಟಲಿಲ್ಲ. ಮುಂದಿನ ಸಾಲಿಗೆ ಹೋಗಿ ಯಾವುದಾದರೂ ಮಗುವಿನ ಕೆನ್ನೆ ಸವರಿ, "ಊಟ ಆಯ್ತಾ ಚಿನ್ನಾ?" ಎಂದು ಕೇಳುವುದು, ಕೇಳುತ್ತಲೇ ಅದರ ಕೈಯಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ಕಿತ್ತುಕೊಂಡು ಪೂರ್ತಿ ತಿಂದು ಮುಗಿಸುವುದು, ಖಾಲಿ ಕಾಗದವನ್ನು ನೀಟಾಗಿ ಮಡಿಸಿ ಮಗುವಿನ ಜೇಬಿಗೇ ತುರುಕುವುದು. ಎದುರಾಳಿಯ ಮೂಗು ಒಡೆದರೂ ಜನಕ್ಕೆ ಬಾರದ ಸಿಟ್ಟು ಆ ಒಂದು ಪೊಟ್ಟಣಕ್ಕೆ ಬರುತ್ತಿತ್ತು. ಆಟ ಮುಗಿದ ಮೇಲೆ ಅದೇ ಮಗುವಿಗೆ ಎರಡು ಪೊಟ್ಟಣ ಕಳಿಸುತ್ತಿದ್ದಳು. ಆದರೆ ಖಳರು ರಿಂಗಿನ ಹೊರಗೂ ಖಳರಾಗಿಯೇ ಇರಬೇಕು ಎಂಬುದು ಕಂಪನಿಯ ಕಟ್ಟಳೆ, ಹಾಗಾಗಿ ನಿನ್ನ ಕೈಯಲ್ಲಿ ಕೊಡಿಸುತ್ತಿದ್ದಳು. ತಿಂದ ಪಾಪ ಅವಳಿಗೆ, ಕೊಟ್ಟ ಪುಣ್ಯ ನಿನಗೆ.

ಮೂರನೆಯವನು ನಾನೇ. ನಾಚಿಕೆ ಯಾಕೆ? ಇನ್ನೊಬ್ಬರು ಹೊಗಳಲಿ ಎಂದು ಕಾದಿದ್ದರೆ ನಾನಿನ್ನೂ ಬಾಗಿಲಲ್ಲಿ ಟಿಕೆಟ್ ಹರಿಯುತ್ತಾ ನಿಂತಿರುತ್ತಿದ್ದೆ.

ಮೊಣಕಾಲಿನ ಕಥೆ ಅವಳಿಗೆ ಗೊತ್ತಿಲ್ಲದಿದ್ದರೆ ಹೇಳು. ಏಟು ಬೀಳದಿದ್ದರೂ ಗುಳ್ಳೆನರಿ ದಬ್ಬನೆ ಬೀಳುತ್ತಾನೆ, ಮೊಣಕಾಲು ಹಿಡಿದು "ಅಮ್ಮಾ" ಎಂದು ಅಳುತ್ತಾನೆ. ಧರ್ಮಾತ್ಮನಾದ ಕಂಬ ಹೊಡೆಯುವುದನ್ನು ನಿಲ್ಲಿಸಿ, ಅಯ್ಯೋ ಪಾಪ ಎಂದು ಕೈ ಚಾಚುತ್ತಾನೆ. "ಹತ್ರ ಹೋಗ್ಬೇಡ ಕಂಬಣ್ಣಾ!" ಎಂದು ಜನ ಗಂಟಲು ಹರಿದುಕೊಳ್ಳುತ್ತಾರೆ. ನೀನು ಬಗ್ಗುತ್ತೀಯ. ನಾನು ಕಣ್ಣಿಗೆ ಬೆರಳು ಹಾಕುತ್ತೇನೆ. ಎಷ್ಟು ಸಲ ಮಾಡಿದರೂ ನೀನು ಬಗ್ಗಿದೆ, ಎಷ್ಟು ಸಲ ನೋಡಿದರೂ ಜನ ಕೂಗಿದರು.

ಒಂದೇ ಸರಕು ಬಹಳ ದಿನ ಓಡುವುದಿಲ್ಲ ಎಂಬುದು ನನಗೆ ನಿನಗಿಂತ ಮೊದಲೇ ಗೊತ್ತಿತ್ತು. ಅದಕ್ಕೇ ಪ್ರತಿ ವರ್ಷ ಮೇಲೊಂದು ಹೊಸದನ್ನು ಸೇರಿಸುತ್ತಾ ಹೋದೆ. ರೆಫರಿ ಎರಡೂ ತೋಳುಗಳನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿದರೆ ನಿಜವಾಗಿಯೂ ಪೆಟ್ಟಾಗಿದೆ, ಪಂದ್ಯ ನಿಲ್ಲಿಸಿ ಎಂದರ್ಥ. ಅದನ್ನೂ ಆಟಕ್ಕೆ ತಂದೆ. ಸ್ಟ್ರೆಚರ್ ತರಿಸಿ, ಅದರ ಮೇಲೆ ಮಲಗಿ, ಬಾಗಿಲವರೆಗೂ ಹೋಗಿ ಚಂಗನೆ ನೆಗೆದೆ. ಡಾಕ್ಟರನ್ನು ತಂದೆ, ಡಾಕ್ಟರ ಚೀಲದಿಂದಲೇ ಎದುರಾಳಿಯ ತಲೆಗೆ ಬಾರಿಸಿದೆ. ಒಮ್ಮೆ ನನ್ನಾಕೆಯನ್ನೇ ಮೊದಲೇ ಹೇಳದೆ ರಿಂಗಿಗೆ ಕರೆಸಿದ್ದೆವು. ಅವಳು ಓಡಿ ಬಂದು ನಿಜವಾಗಿಯೇ ಅತ್ತಳು. ನಾನು ಅವಳ ತೊಡೆಯ ಮೇಲಿಂದ ಹಲ್ಲು ಕಿರಿಯುತ್ತಾ ಎದ್ದೆ. ಆ ಚಪ್ಪಾಳೆ! ಮನೆಗೆ ಹೋದ ಮೇಲೆ ಸಿಕ್ಕಿದ್ದು ಬೇರೆ ವಿಷಯ.

ಹೀಗೆ, ನೋವಾಗಿದೆ ಎಂದು ಹೇಳಲು ಮನುಷ್ಯನ ಹತ್ತಿರ ಏನೇನು ಸಂಕೇತ ಇರುತ್ತದೋ ಅದನ್ನೆಲ್ಲ ನಾನೇ ಖರ್ಚು ಮಾಡಿದೆ. ಮಾರದೆ ಉಳಿಸಿಕೊಂಡದ್ದು ಒಂದೇ, ಕೈ ಹಿಂಡುವುದು. ಬಿದ್ದವನ ಕೈ ಹಿಡಿದಾಗ ಅವನು ಎರಡು ಸಲ ಹಿಂಡಿದರೆ ಪೆಟ್ಟು ನಿಜ, ಸುಮ್ಮನಿದ್ದರೆ ನಾಟಕ. ಅದು ಆಡುವವರ ನಡುವಿನ ಮಾತು, ನೋಡುವವರಿಗೆ ಕಾಣದು. "ಇದೊಂದನ್ನ ಮಾತ್ರ ಮಾರ್ಬೇಡ ಕಣೋ" ಎಂದು ನೀನು ಹೇಳಿದ್ದೆ. ಮಾರಲಿಲ್ಲ.

ಈಗ ಇಲ್ಲಿನ ಸಮಾಚಾರ. ಜನಕ್ಕೆ ನನ್ನ ಮೇಲೆ ಪ್ರೀತಿ ಹುಟ್ಟಿದೆ. ನಗಬೇಡ, ಇದು ನಗುವ ವಿಷಯವಲ್ಲ. ದ್ವೇಷಿಸುವಷ್ಟು ದಿನ ಖಳನಿಗೆ ಸ್ವಾತಂತ್ರ್ಯ ಇರುತ್ತದೆ. ಪ್ರೀತಿಸತೊಡಗಿದರೆ ಮುಗಿಯಿತು, ಅಲುಗಾಡಲು ಬಿಡುವುದಿಲ್ಲ. ನಾನು ಬಿದ್ದೊಡನೆ ಸಭಾಂಗಣದ ತುಂಬ ಮಕ್ಕಳು, ಮುದುಕರು ಎಲ್ಲ ತಮ್ಮ ತಮ್ಮ ಮೊಣಕಾಲು ಹಿಡಿದುಕೊಂಡು "ಅಮ್ಮಾ" ಎನ್ನುತ್ತಾರೆ. ಕಂಪನಿ ಮಾರುವ ಅಂಗಿಗಳ ಮೇಲೆ ನನ್ನ ಮೊಣಕಾಲು ಅಚ್ಚಾಗಿದೆ. ಮುಖವಲ್ಲ, ಮೊಣಕಾಲು.

ಈ ನಡುವೆ ಕತ್ತು ಕೈಕೊಟ್ಟಿದೆ. ಸಿಡಿಲು ಎಂಬವನು ಈಗಿನ ನನ್ನ ಎದುರಾಳಿ. ನಿನ್ನ ಜಾಗಕ್ಕೆ ಬಂದವನು, ಒಳ್ಳೆಯ ಹುಡುಗ, ಆದರೆ ಇಳಿಸುವಾಗ ಅವಸರ ಜಾಸ್ತಿ. ಮಳೆಗಾಲದ ಹೊತ್ತಿಗೆ ಒಮ್ಮೆ ಎತ್ತಿದವನು ನನ್ನ ತಲೆ ನೆಲಕ್ಕೆ ಬಡಿಯುವಂತೆ ಇಳಿಸಿದ. ಅಂದಿನಿಂದ ಕತ್ತಿನಿಂದ ಬಲಗೈವರೆಗೆ ಇರುವೆ ಹರಿದಂತೆ. ಮೊನ್ನೆ ಟೀ ಲೋಟ ಜಾರಿ ಬಿತ್ತು. ನನ್ನಾಕೆ ತಿರುಗಿಯೂ ನೋಡದೆ, "ನನ್ನ ಮುಂದೆ ಬೇಡ ನಿಮ್ಮ ಆಟ. ಬಟ್ಟೆ ಅಲ್ಲಿದೆ, ಒರೆಸಿ" ಎಂದಳು. ಒರೆಸಿದೆ.

ಹೊರಗಿನ ಡಾಕ್ಟರೊಬ್ಬರ ಹತ್ತಿರ ಹೋದೆ. ಕತ್ತಿನ ಎಕ್ಸ್‌ರೇ ಫೋಟೋ ತೆಗೆಸಿ ನೋಡಿ, "ಇನ್ನೊಂದ್ಸಲ ತಲೆ ಮೇಲೆ ಬಿದ್ರೆ ನೀವು ಏಳಲ್ಲ" ಎಂದರು. ನಾನು ಎದ್ದು ಹೊರಟಾಗ ಮೆಲ್ಲನೆ ಕರೆದು, "ಬೇಜಾರಾಗ್ಬೇಡಿ, ಇದೂ ಮುಂದಿನ ವಾರದ ಆಟದಲ್ಲಿ ಬರುತ್ತಾ?" ಎಂದು ಕೇಳಿದರು.

ಅವರ ಚೀಟಿಯನ್ನು ಮ್ಯಾನೇಜರ ಮೇಜಿನ ಮೇಲಿಟ್ಟು, "ಸಾರ್, ಇನ್ನು ನನ್ನಿಂದಾಗಲ್ಲ" ಎಂದೆ. ದನಿ ನಡುಗಿತು. ಆತ ಕುರ್ಚಿಯಿಂದ ಎದ್ದು ನಿಂತು ಚಪ್ಪಾಳೆ ತಟ್ಟಿದ.

"ಅಬ್ಬಾ! ಮೈ ಜುಮ್ಮಂತು ಕಣಯ್ಯಾ. ಇದನ್ನೇ ಶನಿವಾರ ಮೈಕಲ್ಲಿ ಹೇಳು."

"ಸಾರ್, ನಿಜ ಹೇಳ್ತಿದೀನಿ."

"ಹಾಂ, ಅದನ್ನೂ ಸೇರಿಸು. ‘ನಿಜ ಹೇಳ್ತಿದೀನಿ’ ಅಂತ. ಜನ ಬಿದ್ದು ಬಿದ್ದು ನಗ್ತಾರೆ!"

ಪೋಸ್ಟರ್ ಅಂಟಿಸಿಯೂ ಆಯಿತು: "ಗುಳ್ಳೆನರಿಯ ಕೊನೆಯ ನೋವು." ರಿಂಗಿನ ಸುತ್ತ ಕಟ್ಟಿದ ಹಗ್ಗಗಳಲ್ಲಿ ಮೇಲಿನದರ ಮೇಲೆ ನಿಂತು ಸಿಡಿಲು ನನ್ನನ್ನು ತಲೆಕೆಳಗೆ ಮಾಡಿ ಕೆಳಕ್ಕೆ ಒಗೆಯುವ ಚಿತ್ರ. ಒಪ್ಪಂದ ತೆಗೆದು ಓದಿದೆ. ರಿಂಗಿನೊಳಗೆ ರೆಫರಿ ನಿಲ್ಲಿಸಿದರೆ ಅದು ಗಾಯ, ಹೊರಗೆ ನಾನಾಗಿ ಹೇಳಿದರೆ ಅದು ನೆಪ. ಗಾಯಕ್ಕೆ ಕಂಪನಿ ಆಸ್ಪತ್ರೆಗೆ ಕಳಿಸುತ್ತದೆ, ನೆಪಕ್ಕೆ ಮನೆಗೆ. ಅಂದರೆ ಈ ಕತ್ತು ರಿಪೇರಿಯಾಗಬೇಕಿದ್ದರೆ ಮೊದಲು ರಿಂಗಿಗೆ ಇಳಿಯಬೇಕು. ಯಾವನು ಬರೆದನೋ, ನನಗಿಂತ ದೊಡ್ಡ ಖಳ.

ಹಾಗಾದರೆ ಓಡಿಹೋಗು ಎನ್ನುತ್ತೀಯ. ಎಲ್ಲಿಗೆ? ಕಳೆದ ವಾರ ಔಷಧಿ ಅಂಗಡಿಯ ಮುಂದೆ ಕಾಲು ಸೋತು ಕುಸಿದೆ. ನಿಜವಾಗಿ. ಸುತ್ತ ಜನ ಸೇರಿದರು. ಯಾರೂ ಕೈ ಕೊಡಲಿಲ್ಲ, ಕೊಟ್ಟರೆ ಕಣ್ಣಿಗೆ ಬೆರಳು ಬೀಳುತ್ತದಲ್ಲ! ಅಂಗಡಿಯವನು ಫೋನ್ ಎತ್ತಿಕೊಂಡು ಓಡಿ ಬಂದು, "ಇನ್ನೊಂದ್ಸಲ ಸಾರ್, ಇನ್ನೊಂದ್ಸಲ! ಬೀಳೋದು ಸಿಗ್ಲಿಲ್ಲ" ಎಂದ. ಆಗ ನಾನೇನು ಮಾಡಿದೆ ಹೇಳು? ಗೋಡೆ ಹಿಡಿದು ಹೇಗೋ ಎದ್ದು, ಹಲ್ಲು ಕಿರಿದು, ಅವನ ಕಣ್ಣಿನತ್ತ ಎರಡು ಬೆರಳು ತೋರಿಸಿದೆ. ಬೀದಿಯೆಲ್ಲ ಶಿಳ್ಳೆ. ಅಷ್ಟು ಜನರ ಮುಖ ಸಪ್ಪಗಾಗುವುದನ್ನು ನೋಡಲು ನನ್ನಿಂದ ಆಗಲಿಲ್ಲ, ಕಂಬಣ್ಣಾ. ಬೋನು ಕಂಪನಿಯದೇ ಇರಬಹುದು, ಅದರ ಚಿಲಕ ಒಳಗಿನಿಂದ ಹಾಕಿಕೊಳ್ಳುತ್ತಿರುವವನು ನಾನೇ.

ಅದಕ್ಕೇ ಒಂದು ಉಪಾಯ ಮಾಡಿದ್ದೇನೆ. ಶನಿವಾರದ ಪಂದ್ಯಕ್ಕೆ ಕಂಬನನ್ನು ರೆಫರಿಯಾಗಿ ಕರೆಸೋಣ ಎಂದು ಮ್ಯಾನೇಜರ ಕಿವಿಗೆ ಹಾಕಿದೆ. "ಹಳೇ ಜನ ಎಲ್ಲಾ ಬರ್ತಾರೆ, ಹಳೇ ಜೋಡಿ!" ಎಂದು ಹಿಗ್ಗಿ ಹೋದ. ನೀನು ರಿಂಗಿನಲ್ಲಿ ಒಂದು ಸುಳ್ಳನ್ನೂ ಆಡಿದವನಲ್ಲ. ಈ ಕಂಪನಿಯಲ್ಲಿ ಯಾರಾದರೂ ತೋಳು ಅಡ್ಡ ಹಿಡಿದರೆ ಜನ ನಂಬುವುದು ನಿನ್ನನ್ನು ಮಾತ್ರ. ಬಾ. ನೀನು ನನ್ನ ಕೈ ಹಿಡಿ, ನಾನು ಹಿಂಡುತ್ತೇನೆ, ನೀನು ನಿಲ್ಲಿಸು. ಅಷ್ಟೇ ಕೆಲಸ. ಬಸ್ಸಿನಿಂದ ಇಳಿದು ನೇರ ಮನೆಗೇ ಬಾ. ಮೊಮ್ಮಗಳನ್ನೂ ಕರೆದುಕೊಂಡು ಬಾ, ಕೆಟ್ಟವರಲ್ಲಿ ತುಂಬಾ ಒಳ್ಳೆಯವನನ್ನು ಕಣ್ಣಾರೆ ನೋಡಲಿ. ಬೇಕಾದರೆ ಅವಳ ಬಿಸ್ಕತ್ತನ್ನೂ ಕಿತ್ತುಕೊಂಡು ತಿನ್ನುತ್ತೇನೆ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ಮೊಮ್ಮಗಳಿಗೆ ಆಶೀರ್ವಾದ, ಇಂಥ ಪ್ರಶ್ನೆಗಳನ್ನೇ ಕೇಳುತ್ತಾ ನೂರು ಕಾಲ ಬಾಳಲಿ. ನಿನ್ನ ಅಂಗಡಿಯ ಹಾಸಿಗೆ ಕೊಂಡವರೆಲ್ಲ ಕಣ್ತುಂಬ ನಿದ್ರೆ ಮಾಡಲಿ.

ನಿನ್ನಿಂದ ಸದಾ ಒಗೆಸಿಕೊಂಡವನು,
ಗುಳ್ಳೆನರಿ

ಮರೆತ ಮಾತು: ಮೇಲೆ ಬರೆದದ್ದನ್ನು ಈಗ ಓದಿಕೊಂಡೆ. ನೀನೂ ನಕ್ಕಿರುತ್ತೀಯ. ನಗಲಿ ಎಂದೇ ಬರೆದೆನೋ ಏನೋ. ನೋವನ್ನು ನಗಿಸದೆ ಹೇಳುವುದು ನನಗೆ ಮರೆತೇಹೋಗಿದೆ. ಅದಕ್ಕೆ ಇಷ್ಟನ್ನು ಸುಮ್ಮನೆ ಬರೆಯುತ್ತೇನೆ.

ಹೋದ ಶನಿವಾರ ಬಿದ್ದಾಗ ನಾನು ಸಿಡಿಲಿನ ಕೈ ಹಿಂಡಿದೆ, ಎರಡು ಸಲ. ಅವನಿಗೆ ಸಂಕೇತ ಗೊತ್ತು, ನಾನೇ ಕಲಿಸಿದ್ದು. ಅವನು ಒಂದು ಕ್ಷಣ ನನ್ನ ಮುಖ ನೋಡಿ, ಮತ್ತೆ ಎತ್ತಿ ಒಗೆದ. ಆಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನನ್ನ ಬೆನ್ನು ತಟ್ಟಿ, "ಅಣ್ಣಾ, ಕೈ ಹಿಂಡಿದ್ರಲ್ಲಾ, ಸೂಪರ್. ನನಗೇ ಒಂದ್ಕ್ಷಣ ನಂಬಿಕೆ ಬಂದ್ಬಿಟ್ಟಿತ್ತು" ಎಂದ. ಅವನ ತಪ್ಪಿಲ್ಲ.

ಮೊಮ್ಮಗಳನ್ನು ಕರೆತರಬೇಡ.

ಇನ್ನೊಂದು. ಈ ಕಾಗದದ ಅಕ್ಷರ ನೋಡು, ನನ್ನದಲ್ಲ ಅನ್ನಿಸುತ್ತಿಲ್ಲವೇ? ಎಡಗೈಯಲ್ಲಿ ಬರೆದಿದ್ದೇನೆ. ಭಾನುವಾರದಿಂದ ಬಲಗೈಯಲ್ಲಿ ಪೆನ್ನು ನಿಲ್ಲುತ್ತಿಲ್ಲ. ಎಡಗೈಯಲ್ಲೂ ಇರುವೆ ಶುರುವಾಗಿದೆ. ಶನಿವಾರದ ಹೊತ್ತಿಗೆ ಕೈಯಲ್ಲಿ ಎಷ್ಟು ಬಲ ಉಳಿದಿರುತ್ತದೋ ತಿಳಿಯದು. ಸಿಡಿಲು ನನ್ನನ್ನು ಎತ್ತಿಕೊಂಡು ಹಗ್ಗ ಹತ್ತುವ ಮೊದಲೇ ನನ್ನ ಕೈ ಹಿಡಿ. ನಾನು ಹಲ್ಲು ಕಿರಿದರೂ, ಜನ ಶಿಳ್ಳೆ ಹಾಕಿದರೂ, ನಾನೇ ನಿನ್ನನ್ನು ಬೈದು ತಳ್ಳಿದರೂ ಬಿಡಬೇಡ. ನನ್ನ ಕೈ ಸುಮ್ಮನೆ ಇದ್ದರೆ, ಅದೇ ಎರಡು ಸಲ ಹಿಂಡಿದ್ದು ಎಂದು ತಿಳಿ.