ಸ್ವಂತ ಮನೆಯ ಮೊದಲ ಚಳಿಗಾಲ

ನವೆಂಬರ್ 4, ಬೆಳಿಗ್ಗೆ

ಕಾಫಿ. ಗಂಟಲು ಕೆರೆತ. ಲ್ಯಾಬಿನಲ್ಲಿ ಇವತ್ತು ಹನ್ನೊಂದು ಹಲ್ಲುಸೆಟ್ ಮುಗಿಸಬೇಕು.

ಬ್ಯಾಂಕಿನ ಕಂತು ಹೋಯಿತು — 410 ಲೆವಾ. ಬಾಡಿಗೆ ಮನೆಗೆ 450 ಕೊಡುತ್ತಿದ್ದೆ. ಅಂದರೆ ತಿಂಗಳಿಗೆ ನಲವತ್ತು ಉಳಿತಾಯ. ಮನೆ ಕೊಳ್ಳುವಾಗ ಮಾಡಿದ ಲೆಕ್ಕ ಇಷ್ಟೇ. ಮಹಾ ಜಾಣೆ.

ಮಗಳು ರಾಲಿತ್ಸಾಗೆ ಹದಿನಾರು. ವಿಚ್ಛೇದನವಾದಾಗಿನಿಂದ ಅಪ್ಪನ ಜೊತೆ. "ನಿಂದೇ ಅಂತ ಒಂದು ಮನೆ ಆಗ್ಲಿ, ಬರ್ತೀನಿ" ಎಂದಿದ್ದಳು. ಆಯಿತು. ಈಗ "ಹೊಸ ವರ್ಷ ಕಳೀಲಿ, ನೋಡೋಣ" ಅನ್ನುತ್ತಾಳೆ. ಅಲ್ಲಿಯವರೆಗೆ ಈ ಮನೆ ಕೈತಪ್ಪಬಾರದು.

ನವೆಂಬರ್ 19

ಮೆತೋದಣ್ಣ ಬಂದಿದ್ದ. ನಿವೃತ್ತ ಟ್ರಾಲಿಬಸ್ ಚಾಲಕ, ನಮ್ಮ ಕಟ್ಟಡದ ಉಸ್ತುವಾರಿ ಅವನದೇ. ಛಾವಣಿ ರಿಪೇರಿಗೆ ಮನೆಗೆ ಇಪ್ಪತ್ತೈದರಂತೆ ಆರು ತಿಂಗಳು ಕೊಡಬೇಕಂತೆ.

"ನಾನಿರೋದು ಮೂರನೇ ಮಹಡೀಲಿ. ಛಾವಣಿ ಎಂಟರ ಮೇಲಿದೆ" ಅಂದೆ.

"ಐದು ಮಹಡಿ ಸೋರಿ ನಿನ್ನ ತಲೆ ಮೇಲೆ ಬೀಳ್ಲಿ ಅಂತ ಕಾಯ್ತೀಯೇನಮ್ಮ? ಈಗ ಮನೆ ನಿಂದು. ಬಾಡಿಗೆಯೋಳ ಥರ ಆಡ್ಬೇಡ."

ಕೊಟ್ಟೆ. ಆ ಮಾತಿಗೆ ಸ್ವಲ್ಪ ಖುಷಿಯೂ ಆಯಿತು.

ಕೂತು ಬರೆದೆ. ಛಾವಣಿ, ಲಿಫ್ಟು, ಮೆಟ್ಟಿಲ ದೀಪ, ನೀರು, ಕರೆಂಟು. ವರ್ಷಕ್ಕೊಮ್ಮೆ ಬರುವ ತೆರಿಗೆ, ವಿಮೆ — ಹನ್ನೆರಡರಿಂದ ಭಾಗಿಸಿ. ಕಂತು ಬಿಟ್ಟು 140. ಮನೆ ಬೆಚ್ಚಗಿಡುವ ಶಾಖದ ಬಿಲ್ಲು ಇನ್ನೂ ಬಂದಿಲ್ಲ...

ಡಿಸೆಂಬರ್ 2

ಬಿಲ್ಲು ಉಳಿಸಲು ಕೋಣೆ ಕಾಯಿಸುವ ಮೂರೂ ರೇಡಿಯೇಟರ್ ಪೂರ್ತಿ ಮುಚ್ಚಿದೆ. ಎರಡು ಸ್ವೆಟರ್, ಮೇಲೊಂದು ಕೋಟು. ಬೀನ್ಸ್ ಸಾರು ಕುದಿಯುವಷ್ಟು ಹೊತ್ತು ಅಡುಗೆಮನೆ ಹಿತ.

ರಾಲಿತ್ಸಾ ಭಾನುವಾರ ಬರುತ್ತೇನೆಂದಳು. ನನಗೆ ಜ್ವರ, ಬೇಡ ಎಂದೆ. ಮನೆಯಲ್ಲಿ ಚಳಿ ಕೊರೆಯುತ್ತಿದೆ ಅನ್ನಲು ಬಾಯಿ ಬರಲಿಲ್ಲ.

ಜನವರಿ 9

ಶಾಖದ ಬಿಲ್ಲು. 71 ಲೆವಾ. ರೇಡಿಯೇಟರ್ ಮುಟ್ಟೇ ಇಲ್ಲ!

ಮೆತೋದಣ್ಣ ಬಿದ್ದು ಬಿದ್ದು ನಕ್ಕ. "ಗೋಡೆಯೊಳಗೆ ಇಡೀ ಕಟ್ಟಡದ ಬಿಸಿನೀರಿನ ಪೈಪ್ ಹೋಗಿದೆಯಲ್ಲ, ಆ ಬಿಸಿಗೆ ಎಲ್ರೂ ಪಾಲು ಕೊಡ್ಬೇಕು. ಮುಚ್ಚಿದ್ರೂ ಅಷ್ಟೇ. ಸುಮ್ನೆ ನಡುಗಿದೆಯಲ್ಲ ತಾಯಿ!"

ಇಷ್ಟು ವರ್ಷ ಅದನ್ನು ಬಾಡಿಗೆ ಮನೆಯ ಒಡತಿ ಮುದುಕಿ ಕಟ್ಟುತ್ತಿದ್ದಳು. ನನಗೇನು ಗೊತ್ತು? ಸಿಟ್ಟು ಬಂತು. ಅವನ ಮೇಲಲ್ಲ. ಐದು ವಾರ ಮಗಳನ್ನು ಬರಬೇಡ ಅಂದೆನಲ್ಲ, ಅದಕ್ಕೆ.

ಒಟ್ಟು 621. ಸಂಬಳ 980. ಉಳಿದದ್ದು ಊಟಕ್ಕೆ ಸಾಕು, ಬೂಟಿಗೆ ಸಾಲದು. ಶನಿವಾರವೂ ಕೆಲಸ ಕೇಳಿದ್ದೇನೆ.

ಜನವರಿ 12

ರಾಲಿತ್ಸಾ ಬಂದಿದ್ದಳು. ಮುಚ್ಚುಮರೆ ಇಲ್ಲದೆ ಖರ್ಚಿನ ಲೆಕ್ಕದ ಹಾಳೆ ಮುಂದಿಟ್ಟೆ. ಒಂದೊಂದು ಸಾಲನ್ನೂ ಓದಿದಳು.

"ಜ್ವರ ಅಂದಿದ್ದು ಸುಳ್ಳಾ?"

"ಹೂಂ."

"ನೀನು ಆರು ತಿಂಗ್ಳಲ್ಲಿ ಮನೆ ಮಾರ್ತೀಯ ಅಂತಿದ್ದಾರೆ ಅಪ್ಪ."

"ನೀನೇನಂತೀಯ?"

"ಟೀ ಇದೆಯಾ ಅಮ್ಮಾ?"

ಸಂಜೆ ಬಸ್ಸಿಗೆ ಹೋದಳು. ಇಲ್ಲಿಗೆ ಬಂದು ಇರುತ್ತೇನೆ ಎನ್ನಲಿಲ್ಲ. ನನಗೂ ಕೇಳಲು ಭಯ.

ಫೆಬ್ರವರಿ 3, ಬೆಳಿಗ್ಗೆ

ಲಿಫ್ಟು, ಮೆಟ್ಟಿಲಿನ ದುಡ್ಡು ಇಲ್ಲಿ ತಲೆಗಿಷ್ಟು ಅಂತ. ಒಂದು ತಲೆಗೆ ಎಂಟು. ಮೆತೋದಣ್ಣನ ಚೀಟಿಯಲ್ಲಿ ಹದಿನಾರು! ಜಗಳಕ್ಕೇ ನಿಂತೆ.

"ಇರೋಳು ನಾನೊಬ್ಬಳು. ಎರಡನೇ ತಲೆ ಯಾರ್ದಣ್ಣ?"

"ನನ್ನ ಮೇಲ್ಯಾಕೆ ರೇಗ್ತೀಯ? ನಿನ್ನ ಮಗಳು ಆವತ್ತು ಹೋಗ್ತಾ ನನ್ನ ಬಾಗಿಲು ತಟ್ಟಿದ್ಲು. ಫೆಬ್ರವರಿಯಿಂದ ನನ್ನ ಹೆಸರೂ ಬರ್ಕೊಳ್ಳಿ ತಾತ ಅಂದ್ಲು. ನಿಂಗೆ ಹೇಳಿಲ್ವಾ?"

ಎಣಿಸಿ ಕೊಟ್ಟೆ. ಇಷ್ಟು ಖುಷಿಯಿಂದ ಯಾವ ಬಿಲ್ಲೂ ಕಟ್ಟಿರಲಿಲ್ಲ.

ಚಿಕ್ಕ ಕೋಣೆ ತುಂಬ ಇನ್ನೂ ರಟ್ಟಿನ ಪೆಟ್ಟಿಗೆಗಳು. ಕೆಲಸಕ್ಕೆ ಹೊರಡುವ ಮುಂಚೆಯೇ ತೆಗೆದು ಅವಳಿಗೆ ಜಾಗ ಮಾಡಬೇಕು.