ಮುತ್ತಿನ ಭಯಕ್ಕೆ ಮಾರಿದ ಷೇರು

ಕೈಫಾನ್, ಕುವೈತ್
19 ಫೆಬ್ರವರಿ 2017, ಭಾನುವಾರ

ಪ್ರೀತಿಯ ತಮ್ಮ ಗಾನಿಮ್,

ನಿನ್ನ ಮೇಲೆ ಶಾಂತಿಯಿರಲಿ. ಮೊಣಕಾಲು ನೋವು ಹೇಗಿದೆ? ಬಹ್ರೇನಿನಲ್ಲಿ ಮಗಳ ಮನೆಯಲ್ಲಿ ಮೊಮ್ಮಕ್ಕಳ ಜೊತೆ ಕೂತು ಹಲ್ವಾ ತಿನ್ನುತ್ತಿರುತ್ತೀಯ, ನನಗೆ ಗೊತ್ತು. ಸಕ್ಕರೆ ಕಾಯಿಲೆ ನಿನ್ನ ವಯಸ್ಸಿಗೆ ಮರ್ಯಾದೆ ಕೊಡುವುದಿಲ್ಲ. ನಾನು ಚೆನ್ನಾಗಿದ್ದೇನೆ. ಈ ಮನೆಯಲ್ಲಿ ನನ್ನ ಮಾತು ಕೇಳದಿರುವುದು ನನ್ನ ಕಣ್ಣುಗಳು ಮಾತ್ರ.

ಈ ಸಲವೂ ಮರಳುಗಾಡಿನಲ್ಲಿ ಹಳೆಯ ಜಾಗದಲ್ಲೇ ಡೇರೆ ಹಾಕಿಸಿದ್ದೇನೆ. ಮಳೆಯಾಗಿ ಸುತ್ತಲೂ ಹಳದಿ ಹೂ ಎದ್ದಿದೆ. ಬೆಳಗಿನ ಮಂಜಿನಲ್ಲಿ ದೂರದ ಎಣ್ಣೆಬಾವಿಯ ಉರಿ ನೆಲಕ್ಕೂ ಸೇರದೆ ಆಕಾಶಕ್ಕೂ ಸೇರದೆ ತೇಲುತ್ತಿರುತ್ತದೆ. ಅದನ್ನೇ ನೋಡುತ್ತ ಕೂತರೆ ಯಾವ ವರ್ಷದಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತದೆ. ಮೊನ್ನೆ ನೀನು ಪಕ್ಕದಲ್ಲಿದ್ದೀಯ ಎಂದುಕೊಂಡು ಎರಡು ಬಟ್ಟಲಿಗೆ ಕಾಫಿ ಸುರಿದೆ. ಆಮೇಲೆ ಎರಡನ್ನೂ ನಾನೇ ಕುಡಿದೆ.

ಹೋದ ವರ್ಷ ಜನವರಿಯಲ್ಲಿ ಅದೇ ಡೇರೆಯಲ್ಲಿದ್ದೆವು. ಪೀಪಾಯಿಗೆ ನೂರು ಡಾಲರ್ ಇದ್ದ ಎಣ್ಣೆ ಮೂವತ್ತಕ್ಕೂ ಕೆಳಗೆ ಬಿದ್ದಿತ್ತು, ಬ್ಯಾಂಕು ಸಿಮೆಂಟು ಎಲ್ಲದರ ಷೇರುಗಳೂ ಅದರ ಬೆನ್ನಿಗೇ ಇಳಿಯುತ್ತಿದ್ದವು. ಸಿಮೆಂಟಿಗೂ ಎಣ್ಣೆಗೂ ಏನು ಸಂಬಂಧ ಎಂದು ಕೇಳಿದ್ದಕ್ಕೆ ನೀನು, 'ಅಕ್ಕಾ, ಸರ್ಕಾರಕ್ಕೆ ಬರೋದು ಎಣ್ಣೆ ದುಡ್ಡು. ಅದು ಕಮ್ಮಿಯಾದ್ರೆ ರಸ್ತೆ ಮಾಡಲ್ಲ, ಮನೆ ಕಟ್ಟಲ್ಲ. ಆಗ ಸಿಮೆಂಟ್ ಯಾರಿಗೆ ಬೇಕು? ಆದ್ರೆ ಜನ ಇರೋದಕ್ಕಿಂತ ಜಾಸ್ತಿ ಹೆದರ್ತಾರೆ. ನಾವು ಸುಮ್ನೆ ಕೂತಿರೋಣ' ಎಂದಿದ್ದೆ. ಆ ರಾತ್ರಿ ಅಪ್ಪ ಕನಸಿಗೆ ಬಂದರು. ಷೇರುಪೇಟೆಯೊಳಗೆ ಸಮುದ್ರ ನುಗ್ಗಿತ್ತು. ಬೆಲೆಯ ಕೆಂಪು ಅಂಕಿಗಳು ಮೀನಿನ ಹಾಗೆ ನೀರಿನಲ್ಲಿ ಸುಳಿದಾಡುತ್ತಿದ್ದವು. ಅಪ್ಪ ದೋಣಿಯಂಚಿನಲ್ಲಿ ಕೂತು ಕೆಂಪು ಬಟ್ಟೆಯ ಗಂಟು ಬಿಚ್ಚುತ್ತಲೇ ಇದ್ದರು, ಅದು ಮುಗಿಯುತ್ತಲೇ ಇರಲಿಲ್ಲ. ಜಪಾನಿನವರು ಚಿಪ್ಪು ಸಾಕಿ ಬೆಳೆಸಿದ ಅಗ್ಗದ ಮುತ್ತು ಬಂದು ನಮ್ಮ ಸಮುದ್ರದ ಮುತ್ತಿನ ಬೆಲೆ ಬಿದ್ದಾಗ, ಮತ್ತೆ ಏರುತ್ತದೆಂದು ಅವರು ಮಾರದೆ ವರ್ಷಗಟ್ಟಲೆ ಕಟ್ಟಿಟ್ಟ ಮುತ್ತಿನ ಗಂಟು ಅದು. ಕೊನೆಗೆ ಅದರಿಂದ ಎರಡು ಚೀಲ ಅಕ್ಕಿಯೂ ಬರಲಿಲ್ಲ. ನೀನು ಆಗ ತೊಟ್ಟಿಲಲ್ಲಿದ್ದೆ, ನಾನು ಖಾಲಿ ಪಾತ್ರೆ ನೋಡಿದವಳು. ಎದ್ದವಳೇ ನಿನ್ನನ್ನು ಎಬ್ಬಿಸಿ, 'ಮನೆಯವರೆಲ್ಲರ ಷೇರನ್ನೂ ಇವತ್ತೇ ಮಾರು' ಎಂದೆ. ನೀನು ಬೇಡವೆಂದೆ. 'ಅಪ್ಪನಿಗಿಂತ ನಿನಗೆ ಜಾಸ್ತಿ ಗೊತ್ತಾ?' ಎಂದೆ. ಅರವತ್ತೆಂಟು ವರ್ಷದ ಗಂಡಸು ನೀನು, ತಲೆ ತಗ್ಗಿಸಿ ದಲ್ಲಾಳಿಗೆ ಫೋನ್ ಮಾಡಿದೆ.

ಎಣ್ಣೆ ಮತ್ತೆ ಐವತ್ತು ದಾಟಿತು. ಹೋದ ತಿಂಗಳಂತೂ ಪೇಟೆ ದಿನಾ ಏರಿತು, ನಾವು ಮಾರಿದ್ದೆಲ್ಲ ಬೇರೆಯವರ ಕೈಯಲ್ಲಿತ್ತು. ಗಂಡಸರು ಸಂಜೆ ಕೂಡುವ ದಿವಾನಿಯಾದಲ್ಲಿ ನನ್ನ ಮಗ ಮಿಷಾರಿ ಎಲ್ಲರೆದುರು, 'ಮಾವಾ, ಹೆದರ್ಕೊಂಡು ಮನೆ ಮುಳುಗಿಸಿದ್ರಿ. ಇನ್ನು ಮೊಮ್ಮಕ್ಕಳಿಗೆ ಕಥೆ ಹೇಳ್ಕೊಂಡಿರಿ' ಎಂದ. ನಾನು ಒಳಬಾಗಿಲ ಹಿಂದೆ ನಿಂತಿದ್ದೆ. ನೀನು ನನ್ನ ಹೆಸರು ಹೇಳುತ್ತೀಯ ಎಂದು ಕಾದೆ. ನೀನು ಚಪ್ಪಲಿ ಮೆಟ್ಟಿಕೊಂಡು ಹೊರಟೆ, ಮರುದಿನ ಬಹ್ರೇನಿಗೆ ಹೋದೆ. ಬಾಗಿಲ ಹಿಂದೆ ನನಗೂ ಬಾಯಿ ಇತ್ತು.

ಔಷಧಿ ತಪ್ಪಿಸಬೇಡ. ಮಗಳಿಗೂ ಮಕ್ಕಳಿಗೂ ನನ್ನ ಹಾರೈಕೆ ತಿಳಿಸು. ದೇವರು ನಿನ್ನ ಆಯಸ್ಸು ಬೆಳೆಸಲಿ.

ನಿನ್ನ ಅಕ್ಕ,
ಸಬೀಕಾ

ತಾ.ಕ.: ಹೊರಗೆ ಕಾರು ಕಾಯುತ್ತಿದೆ, ಬೇಗ ಬರೆಯುತ್ತೇನೆ. ನಿನ್ನೆ ಸಂಜೆ ನಾನು ದಿವಾನಿಯಾದೊಳಗೆ ಹೋದೆ. ಈ ಮನೆಗೆ ಬಂದು ಐವತ್ತು ವರ್ಷದಲ್ಲಿ ಇದೇ ಮೊದಲು. ಯಾರೋ ಸತ್ತರೆಂದುಕೊಂಡು ಗಂಡಸರೆಲ್ಲ ಎದ್ದು ನಿಂತರು. 'ಮಾರಿಸಿದವಳು ನಾನು, ಗಾನಿಮ್ ಬೇಡ ಅಂದಿದ್ದ' ಎಂದು ಹೇಳಿ ಬಂದೆ. ಈ ಕಾಗದ ತರುತ್ತಿರುವವನು ಮಿಷಾರಿ. ಅವನು ಕ್ಷಮೆ ಕೇಳುತ್ತಾನೆ, ಸ್ವಲ್ಪ ಹೊತ್ತು ನಿಲ್ಲಿಸಿಕೊಂಡು ಆಮೇಲೆ ಒಳಗೆ ಕರೆ. ನನಗೆ ಕ್ಷಮೆ ಕೇಳಿ ಅಭ್ಯಾಸವಿಲ್ಲ, ಅದಕ್ಕೇ ನಿನ್ನನ್ನು ಕರೆತರಲು ಕಾರು ಕಳಿಸಿದ್ದೇನೆ.